ಮುದಿಪ್ರಾಯವೂ ದೇಹದ ಕಾವಲೂ

ಕೃಷ್ಣರಾಜಪುರದ ಸಂತೆಯಲ್ಲಿ ಸೊಪ್ಪು ಕೊಳ್ಳುವಾಗಲೂ, ಹಳೇ ಮದ್ರಾಸು ರಸ್ತೆಯಲ್ಲಿ ಬಸ್ಸಿಗಾಗಿ ನಿಂತಿರುವಾಗಲೂ, ಆಸ್ಪತ್ರೆಯ ಬಾಗಲಲ್ಲಿ ಚೀಟಿ ಹಿಡಿದು ಕಾದಿರುವಾಗಲೂ ನಮ್ಮ ಕಿವಿಗೆ ಬೀಳುವ ಒಂದು ಮಾತುಂಟು. ಅದು ಯಾವದಂದರೆ, "ವಯಸ್ಸಾಯಿತು" ಎಂಬದೇ. ಅಜ್ಜಿಯು ಎರಡು ದಿವಸದಿಂದ ಊಟ ಮುಟ್ಟಲಿಲ್ಲ; ವಯಸ್ಸಾಯಿತು. ಅಜ್ಜನು ರಾತ್ರಿ ಎದ್ದು, ಎಂದೋ ತೀರಿಹೋದ ತಮ್ಮನನ್ನು ಕೂಗಿದನು, ವಯಸ್ಸಾಯಿತು. ತಾಯಿಯ ಬೆರಳ ಗೆಣ್ಣುಗಳು ಊದಿ ಮುದ್ದೆ ಕಟ್ಟಲಾರದೆ ಹೋದವು, ವಯಸ್ಸಾಯಿತು. ಈ ಮಾತನ್ನಾಡುವವರು ಕೆಟ್ಟವರಲ್ಲ. ನಾವೂ ಆಡಿದ್ದೇವೆ. ಆದರೂ ಇದು ರೋಗದ ಹೆಸರೋ, ವೈದ್ಯರ ತೀರ್ಪೋ, ಇಲ್ಲವೆ ನಾವು ಕೈ ತೊಳೆದುಕೊಳ್ಳುವದಕ್ಕೆ ಇಟ್ಟುಕೊಂಡ ನೀರೋ ಎಂಬದನ್ನು ಒಮ್ಮೆ ನಿಂತು ವಿಚಾರಿಸತಕ್ಕದ್ದಾಗಿದೆ.

ಮುದಿಪ್ರಾಯದಲ್ಲಿ ದೇಹದೊಳಗಣ ಕಾವಲು ಬದಲಾಗುತ್ತದೆಂಬದು ಸುಳ್ಳಲ್ಲ. ಅದು ಹೇಗೆ ಬದಲಾಗುತ್ತದೆ ಎಂಬದು ಒಂದು ಪ್ರಶ್ನೆ. ಹಾಗೆ ಬದಲಾದ ಮೇಲೆ ಉಂಟಾಗುವ ಭಾರವನ್ನು ಯಾರು ಹೊರಬೇಕು ಎಂಬದು ಇನ್ನೊಂದು. ಮೊದಲನೆಯದನ್ನು ಪಂಡಿತರು ಬಹುಮಟ್ಟಿಗೆ ಬಿಡಿಸಿದ್ದಾರೆ. ಎರಡನೆಯದು ನಮ್ಮ ನಮ್ಮ ಮನೆಗಳಲ್ಲಿಯೇ ತೀರಬೇಕಾದದ್ದು.

ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯು 1948ರಲ್ಲಿ ಸ್ಥಾಪಿತವಾಯಿತು. ಬಳಿಕಣ ವರುಷಗಳಲ್ಲಿ ಸುತ್ತಣ ಹಳ್ಳಿಗಳಿಂದ ಅಲ್ಲಿ ಕೆಲಸಕ್ಕೆ ಸೇರಿದ ಯೌವನಸ್ಥರಲ್ಲಿ ಉಳಿದವರು ಈಗ ಕೋಲು ಹಿಡಿದ ಹಿರಿಯರಾಗಿದ್ದಾರೆ. ಅವರೊಳಗೆ ನಮಗೆ ಪರಿಚಿತರಾದ ಒಬ್ಬರಿಗೆ ಒಂದು ದಿನ ಎಡ ಪಕ್ಕೆಯಲ್ಲಿ ಉರಿ ಹತ್ತಿತು. ಮೂರನೆಯ ದಿವಸ ಬೆನ್ನಿನಿಂದ ಹೊಟ್ಟೆಯ ವರೆಗೆ ಸಾಲಾಗಿ ನೀರುಗುಳ್ಳೆಗಳು ಎದ್ದವು. ನೆರೆಮನೆಯವರು ನೋಡಿ, ಇದು ಸರ್ಪಸುತ್ತು, ಕೆಮ್ಮಣ್ಣು ಹಚ್ಚಿರಿ, ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವ ಉಳಿಯದು ಅಂದರು. ಮಗನು, ಉಷ್ಣವಾಗಿರಬೇಕು, ವಯಸ್ಸಾಯಿತಲ್ಲಾ ಅಂದನು. ಹೀಗೆ ಕೆಮ್ಮಣ್ಣಿನಲ್ಲಿಯೂ ಮಾತಿನಲ್ಲಿಯೂ ಒಂದು ವಾರ ಕಳೆದ ಮೇಲೆ ಅವರನ್ನು ವೈದ್ಯರ ಬಳಿಗೆ ಕರಕೊಂಡು ಹೋದರು. ವೈದ್ಯರು ಕೇಳಿದ ಮೊದಲನೆಯ ಮಾತು ಇದು: "ತಾತಾ, ಚಿಕ್ಕಂದಿನಲ್ಲಿ ನಿಮಗೆ ಅಮ್ಮ ಆಗಿತ್ತೋ?"

ಆಗಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗಿದ್ದು ಅವರಿಗೆ ನೆನಪಿತ್ತು. ಸೀತಾಳೆ ಸಿಡುಬಿನ ವೈರಸ್ಸು ಗುಳ್ಳೆಗಳು ಒಣಗಿದ ಮೇಲೆ ದೇಹವನ್ನು ಬಿಟ್ಟುಹೋಗುವದಿಲ್ಲ. ಅದು ನರಗಳ ಬುಡದಲ್ಲಿ ಅಡಗಿಕೊಂಡು ನಿದ್ರಿಸುತ್ತದೆ. ಎಪ್ಪತ್ತು ವರುಷ ಪರ್ಯಂತರ ಅದನ್ನು ಏಳಗೊಡಿಸದೆ ಕಾದದ್ದು ರಕ್ತದಲ್ಲಿರುವ ಟಿ ಕಣಗಳೆಂಬ ಬಿಳಿಕಣಗಳು. ಆ ಕಾವಲು ಸಡಿಲವಾದ ದಿವಸ ಅದು ಅದೇ ನರದ ದಾರಿಯನ್ನು ಹಿಡಿದು ಚರ್ಮಕ್ಕೆ ಬಂತು. ಹಾವೂ ಇಲ್ಲ, ಶಾಪವೂ ಇಲ್ಲ. ತಲೆಬಾಲಗಳು ಕೂಡುವ ಭಯವೂ ಇಲ್ಲ. ಭಯವಿರುವದು ಬೇರೆ ಕಡೆಯಲ್ಲಿ. ಗುಳ್ಳೆ ಎದ್ದ ಮೂರು ದಿವಸಗಳೊಳಗೆ ವೈರಸ್ಸನ್ನು ತಡೆಯುವ ಮಾತ್ರೆಯನ್ನು ಆರಂಭಿಸಿದರೆ ಅದರಿಂದ ಹೆಚ್ಚು ಪ್ರಯೋಜನವಾಗುತ್ತದೆ. ತಡವಾದರೆ ಪ್ರಯೋಜನವು ಕುಗ್ಗುತ್ತದೆ. ಗಾಯ ಮಾದರೂ ನರದ ನೋವು ತಿಂಗಳುಗಟ್ಟಲೆ ನಿಲ್ಲಬಹುದು. ಪ್ರಾಯ ಹೆಚ್ಚಿದಷ್ಟು ಆ ನೋವಿನ ಸಂಭವವೂ ಹೆಚ್ಚು. ನಮ್ಮ ಹಿರಿಯರು ಎಂಟು ತಿಂಗಳು ಅಂಗಿಯ ಬಟ್ಟೆ ಪಕ್ಕೆಗೆ ತಾಕಿದರೂ ಬೆಚ್ಚುತ್ತಿದ್ದರು.

ಕಾವಲು ಸಡಿಲವಾಗುವದು ಯಾತರಿಂದ? ಎದೆಯ ನಡುವಣ ಎಲುಬಿನ ಹಿಂದೆ ಥೈಮಸ್ ಎಂಬ ಚಿಕ್ಕ ಗ್ರಂಥಿಯೊಂದುಂಟು. ಬಹುಕಾಲ ಪಂಡಿತರು ಅದನ್ನು ಕೆಲಸವಿಲ್ಲದ ಮಾಂಸದ ತುಂಡೆಂದು ಎಣಿಸಿದ್ದರು. 1961ರಲ್ಲಿ ಲಂಡನಿನಲ್ಲಿ ಜಾಕ್ ಮಿಲ್ಲರ್ ಎಂಬವರು, ಆಗತಾನೇ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದುಹಾಕಿದರೆ ಅವು ಸೋಂಕುಗಳನ್ನು ಎದುರಿಸಲಾರದೆ ಸಾಯುತ್ತವೆಂದು ಕಂಡುಕೊಂಡರು. ಅದು ದೇಹದ ಗರಡಿಮನೆ. ಎಲುಬಿನ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕಣಗಳು ಅಲ್ಲಿಗೆ ಬಂದು ಪಳಗಿ ಟಿ ಕಣಗಳಾಗುತ್ತವೆ. ಅಲ್ಲಿ ಎರಡು ಪರೀಕ್ಷೆಗಳು. ಗುರುತು ಹಿಡಿಯಲು ಬಾರದವನಿಗೆ ಅಲ್ಲಿ ಸ್ಥಳವಿಲ್ಲ. ತನ್ನ ಮನೆಯವರ ಮೇಲೆಯೇ ಕೈಯೆತ್ತುವವನಿಗೂ ಸ್ಥಳವಿಲ್ಲ. ಒಳಗೆ ಹೋದ ನೂರರಲ್ಲಿ ಐದು ಕಣಗಳು ಹೊರಬಂದರೆ ಹೆಚ್ಚು; ಉಳಿದವು ಅಲ್ಲಿಯೇ ನಾಶವಾಗುತ್ತವೆ. ಇಷ್ಟು ಕಠಿಣವಾದ ಗರಡಿಯು ಮನುಷ್ಯನ ಬಾಲ್ಯದಲ್ಲಿಯೇ ತುಂಬಿ ನಡೆದು, ಹರೆಯ ಕಳೆದಂತೆ ಕುಗ್ಗುತ್ತ, ಮಾಂಸವಿದ್ದಲ್ಲಿ ಕೊಬ್ಬು ತುಂಬುತ್ತ ಬರುತ್ತದೆ. ಅರುವತ್ತು ಎಪ್ಪತ್ತರ ಹೊತ್ತಿಗೆ ಬಹುಪಾಲು ಬಾಗಲು ಹಾಕಿದಂತೆಯೇ ಸರಿ.

ಆಗ ಊರಿಗೆ ಹೊಸ ತಳವಾರರು ಬರುವದಿಲ್ಲ. ಹಳಬರೇ ಗಸ್ತು ತಿರುಗಬೇಕು. ಹಳಬರಿಗೆ ಹಿಂದೆ ಹಿಡಿದ ಕಳ್ಳರ ಮುಖವೆಲ್ಲಾ ಗೊತ್ತು. ಕಾಣದ ಮುಖವು ಬಂದರೆ ಅವನು ಕಳ್ಳನೋ ನೆಂಟನೋ ಎಂದು ತಿಳಿಯುವಷ್ಟರಲ್ಲಿ ಬೆಳಗಾಗಿರುತ್ತದೆ. ಅದಲ್ಲದೆ ಸೈಟೋಮೆಗಾಲೋ ಎಂಬ ಒಂದು ವೈರಸ್ಸು ನಮ್ಮ ದೇಶದಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಬಾಲ್ಯದಲ್ಲಿಯೇ ಅಂಟಿ ಜೀವಮಾನವೆಲ್ಲಾ ಒಳಗೇ ಇರುತ್ತದೆ. ಹೆಚ್ಚಾಗಿ ಅದು ಕೇಡು ಮಾಡದು. ಆದರೆ ಅದನ್ನು ಕಾಯುವದಕ್ಕೆ ವರುಷ ವರುಷವೂ ಹೆಚ್ಚು ಕಣಗಳು ನಿಯಮಿಸಲ್ಪಡುತ್ತವೆ. ಊರಿನ ತಳವಾರರಲ್ಲಿ ದೊಡ್ಡ ಪಾಲನ್ನು ಒಂದೇ ಮನೆಯ ಜಗಲಿಯ ಮೇಲೆ ಕೂರಿಸಿದ ಹಾಗೆ.

ಹಾಗಾದರೆ ಮುಪ್ಪಿನ ಕಾವಲು ಕೆಲಸಕ್ಕೆ ಬಾರದ್ದೋ? ಹಾಗೆನ್ನಬಾರದು. 1846ರಲ್ಲಿ ಉತ್ತರ ಸಮುದ್ರದಾಚೆಯ ಫ್ಯಾರೋ ದ್ವೀಪಗಳಿಗೆ ದಡಾರವು ಬಂತು. ಅಲ್ಲಿದ್ದ ಸುಮಾರು 7,800 ಮಂದಿಯಲ್ಲಿ 6,000 ಮಂದಿ ಮಲಗಿದರು. ಡೆನ್ಮಾರ್ಕಿನ ಸರಕಾರವು ಕಳುಹಿಸಿದ ಪಾನುಮ್ ಎಂಬ ಎಳೆಯ ವೈದ್ಯರು ಮನೆಮನೆಗೆ ತಿರುಗಿ ವಿಚಾರಿಸುವಾಗ ಒಂದು ಸಂಗತಿಯನ್ನು ಕಂಡರು. ಆ ದ್ವೀಪಗಳಲ್ಲಿ ಅದಕ್ಕೆ ಮುಂಚೆ ದಡಾರವು ಬಂದದ್ದು 1781ರಲ್ಲಿ, ಅಂದರೆ ಅರುವತ್ತೈದು ವರುಷಗಳ ಹಿಂದೆ. ಆಗ ಬಾಲಕರಾಗಿದ್ದು ಆ ರೋಗವನ್ನು ಉಂಡವರು ಈಗ ಹಲ್ಲಿಲ್ಲದ ಮುದುಕರು. ಅವರಲ್ಲಿ ಒಬ್ಬರಿಗಾದರೂ ಅದು ಮರಳಿ ತಗಲಲಿಲ್ಲ. ಆಗ ತಪ್ಪಿಸಿಕೊಂಡಿದ್ದ ಮುದುಕರನ್ನೋ ಅದು ಬಿಡಲಿಲ್ಲ. ಇನ್ನೊಂದು ಸಂಗತಿ: 1918ರ ಇನ್‌ಫ್ಲುಯೆಂಜಾ ಜ್ವರವನ್ನು ಬಾಲ್ಯದಲ್ಲಿ ಕಂಡು ಬದುಕಿದ 32 ಮಂದಿಯ ರಕ್ತವನ್ನು ಅಮೇರಿಕದ ಪಂಡಿತರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಅವರ ಪ್ರಾಯ 91ರಿಂದ 101. ತೊಂಬತ್ತು ವರುಷಗಳ ಮೇಲೆಯೂ ಆ ರಕ್ತವು ಅದೇ ವೈರಸ್ಸನ್ನು ಗುರುತಿಸಿ ತಡೆಯುತ್ತಿತ್ತು. ತಮ್ಮ ಮೊಮ್ಮಕ್ಕಳ ಹೆಸರನ್ನು ಮರೆತವರೂ ಅವರೊಳಗೆ ಇದ್ದಿರಬಹುದು, ದೇಹವು ಮರೆತಿರಲಿಲ್ಲ.

ಆದದರಿಂದ ಮುದಿಪ್ರಾಯವೆಂದರೆ ಬರೇ ಕ್ಷೀಣತೆಯೆಂದು ಹೇಳುವದು ಅರೆಸತ್ಯ. ಹಳೆಯದಕ್ಕೆ ಗಟ್ಟಿ, ಹೊಸದಕ್ಕೆ ಮೆತ್ತಗೆ. 2020ರಲ್ಲಿ ಬಂದ ಕೊರೋನಾ ಯಾರೂ ಹಿಂದೆ ಕಾಣದ ಮುಖವಾಗಿತ್ತು. ನಮ್ಮ ದೇಶದಲ್ಲಿ ಅದರಿಂದ ಮೊದಲು ಮೃತರಾದವರು ಕಲಬುರಗಿಯ ಎಪ್ಪತ್ತು ದಾಟಿದ ಒಬ್ಬ ವೃದ್ಧರು. ಅದು ಆ ವರುಷದ ಮಾರ್ಚ್ ತಿಂಗಳಿನ ಮಾತು.

ಹಳೆಯದಕ್ಕೆ ಗಟ್ಟಿ ಅಂದೆವು. ಅದಕ್ಕೂ ಒಂದು ಮೇರೆಯುಂಟೆಂದು ಸರ್ಪಸುತ್ತಿನಲ್ಲಿ ಕಂಡೆವು, ಕ್ಷಯರೋಗದಲ್ಲಿಯೂ ಹಾಗೆಯೇ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1961ರಿಂದ 1968ರ ವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಜನರನ್ನು ಪರೀಕ್ಷಿಸಿದರು. ಪ್ರಾಯ ಏರಿದಂತೆ, ವಿಶೇಷವಾಗಿ ಗಂಡಸರಲ್ಲಿ, ರೋಗಿಗಳು ಹೆಚ್ಚುತ್ತ ಹೋದದ್ದನ್ನು ಕಂಡರು. ಯೌವನದಲ್ಲಿ ಹೊಕ್ಕ ಕ್ರಿಮಿಯನ್ನು ದೇಹವು ಗೋಡೆ ಕಟ್ಟಿ ಕೂಡಿಹಾಕಿರುತ್ತದೆ; ಗೋಡೆ ಸಡಿಲವಾದಾಗ ಅದು ಹೊರಬರುವದುಂಟು. ಅದೇ ಶೋಧನೆಯ ಇನ್ನೊಂದು ಲೆಕ್ಕವನ್ನು ನಾವು ಮರೆಯಲಾರೆವು. ಕಫದಲ್ಲಿ ಕ್ರಿಮಿಯಿದ್ದ 126 ರೋಗಿಗಳನ್ನು ಐದು ವರುಷ ಕಳೆದ ಮೇಲೆ ಹುಡುಕಿದಾಗ ಅವರಲ್ಲಿ ಹೆಚ್ಚು ಕಡಿಮೆ ಅರ್ಧ ಮಂದಿ ಸತ್ತಿದ್ದರು. ಮೂರರಲ್ಲಿ ಒಂದು ಪಾಲು ಗುಣವಾಗಿದ್ದರು. ಮಿಕ್ಕವರು ಇನ್ನೂ ಕೆಮ್ಮುತ್ತ ಕ್ರಿಮಿಯನ್ನು ಹೊರಗೆಡವುತ್ತಿದ್ದರು. ಅಜ್ಜನ ಕೆಮ್ಮು ವಯಸ್ಸಿನ ಕೆಮ್ಮೆಂದು ಎರಡು ವಾರ ದಾಟಿದರೂ ಸುಮ್ಮನಿರುವ ಮನೆಯಲ್ಲಿ ಅಜ್ಜನ ಮಗ್ಗುಲಲ್ಲಿ ಮಲಗುವ ಕೂಸೂ ಇರುತ್ತದೆ. ಈಗ ಕಫದ ಪರೀಕ್ಷೆಯೂ ಔಷಧವೂ ಸರಕಾರದಿಂದ ಧರ್ಮಕ್ಕೆ ಸಿಕ್ಕುತ್ತವೆ. ಹೇಳಲೇಬೇಕಾದ ಇನ್ನೊಂದು ಮಾತು: ಮುದುಕರಿಗೆ ನ್ಯುಮೋನಿಯಾ ಬಂದಾಗ ಮೈ ಸುಡದೆ ಇರಬಹುದು. ಕಾವಲಿನವರು ಕೂಗು ಹಾಕಿದರೆ ತಾನೇ ಜ್ವರ ಏರುವದು! ಊಟ ಬಿಡುವದು, ಇದ್ದಕ್ಕಿದ್ದಂತೆ ಮಾತು ತೊಡರುವದು, ನಡೆಯುವಾಗ ಬೀಳುವದು, ಇವೇ ಅಲ್ಲಿ ಜ್ವರದ ಸ್ಥಾನದಲ್ಲಿ ನಿಲ್ಲುವ ಗುರುತುಗಳು. ಮೊದಲು ಹೇಳಿದ ಅಜ್ಜಿಯನ್ನೂ ಅಜ್ಜನನ್ನೂ ಇನ್ನೊಮ್ಮೆ ನೆನಸಿಕೊಳ್ಳಿರಿ.

ಇನ್ನು ಕಾವಲುಗಾರನು ಮನೆಯವರನ್ನೇ ಹೊಡೆಯುವ ಸಂಗತಿ. ಗರಡಿಯ ಪರೀಕ್ಷೆ ಎಷ್ಟು ಕಠಿಣವಾದರೂ ಕೆಲವು ಕಣಗಳು ನುಸುಳಿ ಬರುತ್ತವೆ. ಅವನ್ನು ಅಡಗಿಸುವದಕ್ಕೆ ಬೇರೆ ಒಂದು ಜಾತಿಯ ಟಿ ಕಣಗಳುಂಟೆಂದು ಜಪಾನಿನ ಸಾಕಾಗುಚಿ ಎಂಬವರು 1995ರಲ್ಲಿ ತೋರಿಸಿದರು; ಆಗ ನಂಬಿದವರು ಸ್ವಲ್ಪ ಮಂದಿ. 2025ರಲ್ಲಿ ಅವರಿಗೂ ಅಮೇರಿಕದ ಇನ್ನಿಬ್ಬರಿಗೂ ನೊಬೆಲ್ ಬಹುಮಾನವು ದೊರೆಯಿತು. ಪ್ರಾಯವೇರಿದಂತೆ ಈ ಶಾಂತಿಪಾಲಕರ ಹದವೂ ತಪ್ಪುತ್ತದೆ. ಪ್ರತಿಕಾಯಗಳನ್ನು ಮಾಡುವ ಬಿ ಕಣಗಳಲ್ಲಿ ಮುಪ್ಪಿನೊಡನೆ ಹೆಚ್ಚುವ ಒಂದು ಬಗೆಯುಂಟೆಂದು 2011ರಲ್ಲಿ ಇಲಿಗಳಲ್ಲಿ ಕಂಡರು. ತನ್ನ ದೇಹದ ಮೇಲೆಯೇ ಬೀಳುವ ರೋಗಗಳಲ್ಲಿಯೂ ಅದೇ ಬಗೆಯ ಕಣಗಳು ಹೆಚ್ಚಾಗಿ ಕಾಣುತ್ತವೆ. ಮುದುಕರ ರಕ್ತದಲ್ಲಿ ಯಾವಾಗಲೂ ಸಣ್ಣ ಉರಿಯೊಂದು, ಬೂದಿ ಮುಚ್ಚಿದ ಕೆಂಡದ ಹಾಗೆ, ಇರುತ್ತದೆಂದು ಇಟಲಿಯ ಫ್ರಾನ್ಚೆಸ್ಕಿಯವರು 2000ದಲ್ಲಿ ಹೇಳಿದ್ದು ಈಗ ಎಲ್ಲರೂ ಒಪ್ಪಿದ ಮಾತು. ತಾಯಿಯ ಗೆಣ್ಣುಗಳು ಊದಿದ್ದು ಸವೆತದಿಂದಲೇ ಆಗಿರಬೇಕೆಂದಿಲ್ಲ. ಕಾವಲಿನ ಕಣಗಳೇ ಕೀಲುಗಳ ಮೇಲೆ ಬಿದ್ದು ತಿನ್ನುವ ಸಂಧಿವಾತವು ಅರುವತ್ತು ದಾಟಿದ ಮೇಲೆಯೂ ಹೊಸದಾಗಿ ಆರಂಭವಾಗುವದುಂಟು. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಯಾದರೂ ಬೆರಳುಗಳ ಬಿಗಿ ಬಿಡದಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕು. ಅಂಗಡಿಯವನು ಕೊಡುವ ಸ್ಟಿರಾಯ್ಡ್ ಮಾತ್ರೆಯನ್ನು ತಾವಾಗಿ ನುಂಗಲೂ ಬಾರದು, ತಿಂಗಳುಗಟ್ಟಲೆ ನುಂಗಿದ್ದನ್ನು ಒಮ್ಮೆಗೇ ಬಿಡಲೂ ಬಾರದು.

ಈ ಎರಡು ದೋಷಗಳು, ಅಂದರೆ ಶತ್ರುವನ್ನು ಕಾಣದಿರುವದೂ ಮನೆಯವರನ್ನು ಹೊಡೆಯುವದೂ, ಒಂದೇ ದೇಹದಲ್ಲಿ ಕೂಡಿ ಬರುತ್ತವೆಂಬದಕ್ಕೆ ಕೊರೋನಾ ಕಾಲದಲ್ಲಿ ಒಂದು ಆಶ್ಚರ್ಯವಾದ ಸಾಕ್ಷಿ ಸಿಕ್ಕಿತು. ವೈರಸ್ಸು ಹೊಕ್ಕ ಕೂಡಲೆ ಕಣಗಳು ಒಂದಕ್ಕೊಂದು ಸಾರುವ ಕೂಗಿಗೆ ಇಂಟರ್‌ಫೆರಾನ್ ಎಂದು ಹೆಸರು. ಪ್ಯಾರಿಸಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಕೆಲಸ ಮಾಡುವ ಕಾಸಾನೋವಾ ಎಂಬವರೂ ಅವರ ಜೊತೆಯವರೂ 2020ರಲ್ಲಿಯೂ 2021ರಲ್ಲಿಯೂ ತಿಳಿಸಿದ್ದೇನಂದರೆ, ಕೆಲವರ ರಕ್ತದಲ್ಲಿ ಈ ಕೂಗನ್ನೇ ಅಡಗಿಸುವ ಪ್ರತಿಕಾಯಗಳು ರೋಗಕ್ಕೆ ಮುಂಚೆಯೇ ಇರುತ್ತವೆ. ಎಳೆಯರಲ್ಲಿ ನೂರಕ್ಕೆ ಒಬ್ಬರಲ್ಲಿ ಇದ್ದರೆ ಹೆಚ್ಚು. ಎಪ್ಪತ್ತು ದಾಟಿದವರಲ್ಲಿ ನೂರಕ್ಕೆ ನಾಲ್ವರಿಗೆ ಕಡಿಮೆಯಿಲ್ಲ. ಕೊರೋನಾದಿಂದ ಸತ್ತವರಲ್ಲಿ ಸುಮಾರು ಐದರಲ್ಲಿ ಒಬ್ಬರಲ್ಲಿ ಅವು ಇದ್ದವು. ಕಳ್ಳನು ಬಂದ ರಾತ್ರಿ ಕೊಂಬು ಊದುವವನ ಬಾಯನ್ನು ನಮ್ಮ ತಳವಾರನೇ ಹಿಡಿದನು. ಇದರಲ್ಲಿ ಆ ಮುದುಕರ ತಪ್ಪೇನು? ಅವರು ಮಾಸ್ಕು ಹಾಕಿದ್ದರೋ, ಕೈ ತೊಳೆದಿದ್ದರೋ, ಎಂದು ಸತ್ತವರ ಮೇಲೆ ನಾವು ಮಾಡಿದ ವಿಚಾರಣೆಗಳನ್ನು ನೆನಸುವಾಗ ನಾಚಿಕೆಯಾಗುತ್ತದೆ.

ಈಗ ಎರಡನೆಯ ಪ್ರಶ್ನೆಗೆ ಬರೋಣ. 65 ದಾಟಿದವರು ಮನೆಯಲ್ಲಿಯೇ ಇರತಕ್ಕದ್ದೆಂದು 2020ರಲ್ಲಿ ಸರಕಾರವು ತಿಳಿಸಿತು. ಆಗ ಲಸಿಕೆಯಿರಲಿಲ್ಲ, ಆ ಮಾತು ಆ ಹೊತ್ತಿಗೆ ತಪ್ಪೆಂದು ನಾವು ಹೇಳೆವು. ಆದರೆ ನಮ್ಮ ಮನೆಗಳಲ್ಲಿ ಅದು ಯಾವ ರೂಪವನ್ನು ತಾಳಿತು? ಮಗನು ಸಂತೆಗೂ ಮದುವೆಗೂ ಹೋಗಿ ಬಂದನು, ಮೊಮ್ಮಕ್ಕಳು ಬೀದಿಯಲ್ಲಿ ಆಡಿ ಬಂದರು, ಅಜ್ಜಿಯನ್ನು ಮಾತ್ರ ಹಿಂದಿನ ಕೋಣೆಯಲ್ಲಿ ಇರಿಸಿ ಬಾಗಲ ಬುಡದಲ್ಲಿ ತಟ್ಟೆಯಿಟ್ಟರು. ಅಪಾಯವು ಯಾರ ದೇಹದಲ್ಲಿತ್ತೋ ಎಚ್ಚರಿಕೆಯ ಬೆಲೆಯನ್ನೂ ಅವರಿಂದಲೇ ತೆಗೆದುಕೊಂಡೆವು. ದುರ್ಬಲನನ್ನು ಕಾಯುವದಕ್ಕೆ ಎರಡು ದಾರಿಗಳುಂಟು. ಅವನನ್ನು ಒಳಗೆ ಹಾಕಿ ಬೀಗವಿಡುವದು ಒಂದು. ಅವನ ಸುತ್ತಲಿರುವ ಬಲವುಳ್ಳವರು ರೋಗವನ್ನು ಹೊತ್ತು ತಾರದ ಹಾಗೆ ತಮ್ಮನ್ನು ಕಾಯುವದು ಇನ್ನೊಂದು. ಮೊದಲನೆಯದು ಸುಲಭ, ಯಾಕಂದರೆ ಕಷ್ಟವು ನಮ್ಮದಲ್ಲ.

ಎರಡನೆಯ ದಾರಿಯು ಬರೇ ಮಾತಲ್ಲವೆಂಬದನ್ನು ಜಪಾನಿನವರು ನಡಿಸಿ ತೋರಿಸಿದ್ದಾರೆ. ಅಲ್ಲಿ 1962ರಿಂದ ಶಾಲೆಯ ಮಕ್ಕಳಿಗೆ ಇನ್‌ಫ್ಲುಯೆಂಜಾ ಲಸಿಕೆಯನ್ನು ಹಾಕುತ್ತಿದ್ದರು. ಕೆಲವು ಕಾಲ ಅದು ಕಡ್ಡಾಯವಾಗಿತ್ತು. 1994ರಲ್ಲಿ ಆ ಏರ್ಪಾಡು ನಿಂತಿತು. 2001ರಲ್ಲಿ ಕೆಲವು ಪಂಡಿತರು ಹಳೆಯ ಲೆಕ್ಕಗಳನ್ನು ತೆಗೆದು ನೋಡಿದರೆ, ಮಕ್ಕಳಿಗೆ ಸೂಜಿ ಹಾಕುತ್ತಿದ್ದ ವರುಷಗಳಲ್ಲಿ ಚಳಿಗಾಲದ ಮರಣಗಳು, ಅದೂ ಮುದುಕರ ಮರಣಗಳು, ಇಳಿದಿದ್ದವು; ನಿಲ್ಲಿಸಿದ ಮೇಲೆ ಏರಿದವು. 420 ಮಕ್ಕಳಿಗೆ ಲಸಿಕೆ ಹಾಕಿದರೆ ಒಂದು ಜೀವ ಉಳಿಯಿತೆಂದು ಅವರು ಎಣಿಸಿದರು. ಆ ಸಂಖ್ಯೆ ಹೆಚ್ಚಾಯಿತೆಂದು ತರ್ಕಿಸಿದವರುಂಟು. ಆದರೆ ಅಮೇರಿಕದಲ್ಲಿಯೂ 2000ದಿಂದ ಕೂಸುಗಳಿಗೆ ನ್ಯುಮೋನಿಯಾದ ಒಂದು ಕ್ರಿಮಿಗೆ ವಿರೋಧವಾದ ಲಸಿಕೆಯನ್ನು ಹಾಕಲಾರಂಭಿಸಿದ ಮೇಲೆ, ಸೂಜಿಯನ್ನು ಕಾಣದ ಅಜ್ಜ ಅಜ್ಜಿಯರಲ್ಲಿಯೂ ಆ ಕ್ರಿಮಿಯಿಂದಾಗುವ ಕಠಿಣ ರೋಗವು ತಗ್ಗಿತು.

ನನ್ನ ಮಗುವಿನ ತೋಳು ಇನ್ನೊಬ್ಬರ ಮುದುಕನಿಗಾಗಿ ಯಾಕೆ ನೋಯಬೇಕೆಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಮಗುವಿಗೆ ಸ್ವಲ್ಪವೂ ಪ್ರಯೋಜನವಿಲ್ಲದೆ ಕೇಡು ಮಾತ್ರ ಆಗುವದಾದರೆ ನಾವೂ ಬೇಡವೆನ್ನುವೆವು. ಆದರೆ ಆ ಲಸಿಕೆ ಮಗುವನ್ನೂ ಕಾಯುತ್ತದೆ. ಮಿಕ್ಕದ್ದು ಒಂದು ದಿನದ ನೋವು. ಆ ಮಗು ಸೊಳ್ಳೆಪರದೆಯೊಳಗೆ ಮಲಗಿದ್ದಾಗ ಹೊರಗೆ ಕೂತು ಬೀಸಿದವರು ಯಾರು?

ಇಲ್ಲಿ ನಮ್ಮನ್ನು ಹೆಚ್ಚಾಗಿ ಕಾಡುವದು ಬೇರೆ. ಸಂಧಿವಾತದ ಮುದುಕಿಗೆ ಕೊಡುವ ಮದ್ದುಗಳಲ್ಲಿ ಕೆಲವು ಕಾವಲನ್ನೇ ತಣಿಸಿ ಕೀಲುಗಳನ್ನು ಉಳಿಸುತ್ತವೆ. ಅದರಿಂದ ಸರ್ಪಸುತ್ತಿಗೂ ಕ್ಷಯಕ್ಕೂ ಬಾಗಲು ಸ್ವಲ್ಪ ತೆರೆಯುತ್ತದೆ. ಒಳ್ಳೇ ವೈದ್ಯರು ಆಗ ಎರಡನ್ನೂ ತೂಗಿ ಹೇಳಿ, ಅವ್ವಾ, ನಿನಗೆ ಯಾವದು ಬೇಕು ಎಂದು ಕೇಳುತ್ತಾರೆ. ಕೈಯಿಂದ ಊಟಮಾಡುವ ಸುಖವು ದೊಡ್ಡದೋ, ಸೋಂಕಿನ ಭಯವು ದೊಡ್ಡದೋ, ಎಂಬದನ್ನು ಆ ಕೈಯುಳ್ಳವಳೇ ಹೇಳತಕ್ಕದ್ದು. ಇದನ್ನು ವೈದ್ಯರು ಬಲ್ಲರು. ನಾವು ಮನೆಯವರು ಬಲ್ಲೆವೋ? ಕೋಣೆಯಲ್ಲಿ ಇರಿಸಿದ ಅಜ್ಜಿಯನ್ನು, ಮೊಮ್ಮಗನನ್ನು ದೂರದಿಂದಲಾದರೂ ನೋಡುತ್ತಾ ಸ್ವಲ್ಪ ಅಪಾಯಕ್ಕೆ ಒಳಗಾಗುವಿಯೋ, ಇಲ್ಲವೆ ನಾಲ್ಕು ಗೋಡೆಗಳೇ ಸಾಕೋ, ಎಂದು ಎಷ್ಟು ಮಂದಿ ಕೇಳಿದೆವು? ಪ್ರಾಯದಿಂದ ಟಿ ಕಣಗಳು ಕಡಿಮೆಯಾದವು, ಸರಿ. ಬುದ್ಧಿಯೂ ಇಷ್ಟವೂ ಕಡಿಮೆಯಾದವೆಂದು ಯಾವ ಪಂಡಿತನು ಹೇಳಿದನು?

ಹಳೆಯ ಕಣಗಳು ಹೊಸದನ್ನು ಕಲಿಯಲಾರವೆಂಬದು ಕೂಡ ಪೂರ್ತಿಯಾಗಿ ನಿಲ್ಲುವ ಮಾತಲ್ಲ. ಸರ್ಪಸುತ್ತಿಗೆ 2023ರಲ್ಲಿ ನಮ್ಮ ದೇಶಕ್ಕೆ ಬಂದ ಲಸಿಕೆಯಲ್ಲಿ ಕಾವಲುಗಾರರನ್ನು ಗಟ್ಟಿಯಾಗಿ ಎಚ್ಚರಿಸುವ ಒಂದು ಪದಾರ್ಥವನ್ನು ಕೂಡಿಸಿದ್ದಾರೆ. ಎಪ್ಪತ್ತು ದಾಟಿದವರಲ್ಲಿಯೂ ಅದು ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ರೋಗವನ್ನು ತಡೆಯಿತು. ಕಿವಿ ಮಂದವಾದವರಿಗೆ ಗಟ್ಟಿಯಾಗಿ ಹೇಳಿದರೆ ಕೇಳಿಸುವದಷ್ಟೆ. ಬೆಲೆಯು ಮಾತ್ರ ಕೂಲಿಯವನ ಕೈಗೆ ಎಟುಕದು. ಅದು ಬೇರೊಂದು ಅನ್ಯಾಯದ ಕಥೆ.

ಆ ಅಜ್ಜಿಯ ಸಂಗತಿಯನ್ನು ಹೇಳಿ ನಿಲ್ಲಿಸುತ್ತೇವೆ. ಆಕೆ ಹಿಂದಿನ ಕೋಣೆಯಲ್ಲಿ ಹನ್ನೊಂದು ತಿಂಗಳಿದ್ದಳು. ಕೊರೋನಾ ತಗಲಲಿಲ್ಲ. ನಾವು ಒಂದು ಸಾರಿ ಕಿಟಕಿಯ ಹೊರಗೆ ನಿಂತು, ಹೇಗಿದ್ದೀರಮ್ಮಾ ಎಂದು ಕೇಳಿದ್ದಕ್ಕೆ, "ಚೆನ್ನಾಗಿ ಕಾಪಾಡಿದ್ದಾರಪ್ಪಾ, ಮಾತೊಂದು ಆಡಿಸೋದಿಲ್ಲ" ಅಂದಳು. 2021ರ ಮಾರ್ಚ್ 1ರಿಂದ ಅರುವತ್ತು ದಾಟಿದವರಿಗೆ ಲಸಿಕೆ ಹಾಕಲಾರಂಭಿಸಿದಾಗ ಮೊಮ್ಮಗನು ಆಕೆಯನ್ನು ಆಟೋದಲ್ಲಿ ಸರಕಾರಿ ಆಸ್ಪತ್ರೆಗೆ ಕರಕೊಂಡು ಹೋದನು. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂತಿರಬೇಕೆಂದು ನಿಯಮವಿತ್ತು. ಆ ಸಾಲಿನಲ್ಲಿ ಕೂತವರೆಲ್ಲರೂ ಆಕೆಯ ಪ್ರಾಯದವರೇ. ಆಕೆ ಎಡಗಡೆಯವರ ಊರನ್ನು ಕೇಳಿದಳು, ಬಲಗಡೆಯವರ ಮಕ್ಕಳೆಷ್ಟೆಂದು ಕೇಳಿದಳು, ಹಿಂದೆ ತಿರುಗಿ ಯಾರದೋ ಮೊಣಕಾಲಿನ ನೋವನ್ನು ವಿಚಾರಿಸಿದಳು. ಅರ್ಧ ಗಂಟೆಯಾಯಿತು, ಏಳಜ್ಜೀ ಎಂದು ಮೊಮ್ಮಗನು ಕರೆದಾಗ, ತಲೆ ಸ್ವಲ್ಪ ತಿರುಗಿದ ಹಾಗಿದೆ ಕಣೋ, ಇನ್ನೂ ಸ್ವಲ್ಪ ಕೂತಿರುತ್ತೇನೆ ಅಂದಳು. ತಲೆ ತಿರುಗಿರಲಿಲ್ಲವೆಂದು ಆಮೇಲೆ ಆಕೆಯೇ ನಮಗೆ ಹೇಳಿದಳು.